ಅತಿಥಿ ಬಂದರು, ಕಣ ಖಾಲಿ ಮಾಡಿ

ಪ್ರವಾಸೋದ್ಯಮದ ಬಗ್ಗೆ ಭಾಷಣ ಎಲ್ಲೇ ನಡೆಯಲಿ, ಬುದ್ಧಿವಾದ ಬಂದು ಬೀಳುವುದು ಊರವರ ತಲೆಯ ಮೇಲೇ. ನಗುಮುಖ ಇರಲಿ, ತಾಳ್ಮೆ ಕಲಿಯಿರಿ, ಅತಿಥಿ ದೇವೋ ಭವ. ತೈತ್ತಿರೀಯ ಉಪನಿಷತ್ತಿನಲ್ಲಿ ಅತಿಥಿಯದು ನಾಲ್ಕನೇ ಸ್ಥಾನ. ತಾಯಿ, ತಂದೆ, ಗುರು ಮೂವರೂ ಅವನಿಗಿಂತ ಮುಂದಿದ್ದಾರೆ. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ ಬೆಟ್ಟಕ್ಕೆ ಹೋಗುವ ಚಿಕ್ಕಮಗಳೂರಿನ ಕೈಮರದ ರಸ್ತೆಯಲ್ಲಿ ಈ ಸಾಲು ಉಲ್ಟಾ ಆಗುತ್ತದೆ. ಡಯಾಲಿಸಿಸ್‌ಗೆ ಹೊರಟ ತಾಯಿ ಹಿಂದೆ, ಸನ್‌ರೂಫಿನಿಂದ ಕೈಬೀಸುವ ದೇವರು ಮುಂದೆ.

ಹಾಗಾಗಿ ಕಾಫಿ ಸೀಮೆಯವರಿಗೆ ಭಾವನೆ ಹಿಡಿತದಲ್ಲಿಡುವ ತರಬೇತಿ ತುರ್ತಾಗಿ ಬೇಕು. ಮೊದಲ ಪಾಠ ಕಾಫಿ ಒಣಗಿಸುವ ಕಣದ್ದು. ಡಿಸೆಂಬರ್-ಜನವರಿಯಲ್ಲಿ ಅರೇಬಿಕಾ ಕೊಯ್ಲು. ಹಣ್ಣನ್ನು ಹಾಗೇ ಒಣಗಿಸುವುದಾದರೆ ಹತ್ತಿರಹತ್ತಿರ ಎರಡು ವಾರದ ಬಿಸಿಲು ಬೇಕು. ಮೂರು ಅಂಗುಲಕ್ಕಿಂತ ದಪ್ಪವಾಗದಂತೆ ಹರಡಬೇಕು, ಗಂಟೆಗೊಮ್ಮೆ ಕೈಯಾಡಿಸಬೇಕು, ಸಂಜೆ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು. ಇಬ್ಬನಿ ತಾಗಿದರೆ ಬೂಷ್ಟು, ಬೂಷ್ಟು ಹಿಡಿದರೆ ವಾಸನೆ, ವಾಸನೆ ಬಂದರೆ ಬೆಲೆ ಹೋಯಿತು. ಇಷ್ಟೆಲ್ಲ ನಡೆಯುವ ಜಾಗ ಅತಿಥಿಯ ಕಣ್ಣಿಗೆ ಸಮತಟ್ಟಾದ ಸಿಮೆಂಟು ನೆಲ, ಅಂದರೆ ಪಾರ್ಕಿಂಗ್. ಆಗ ‘ಅಯ್ಯೋ ಮಾರಾಯ್ರೇ!’ ಎಂದು ಕೂಗಿದರೆ ನೀವು ಫೇಲು. ಟೈರಿನಡಿ ಜಜ್ಜಿದ ಹಣ್ಣು ಗುಡಿಸುತ್ತಾ ‘ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ ಸಾರ್?’ ಎಂದು ಕೇಳಿದರೆ ಪಾಸು.

ಎರಡನೆಯದು ಗುಡ್ಡದ ರಸ್ತೆಯ ಪಾಠ. ಕಡಿದಾದ ಕಿರುದಾರಿಯಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕೆಂಬ ನಿಯಮವೇ ಇದೆ. ಭಾರ ಹೊತ್ತ ಗಾಡಿ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ ಸುಡುತ್ತದೆ, ಚಕ್ರ ಹಿಂದಕ್ಕೆ ಜಾರುತ್ತದೆ. ಕೆಳಗಿಳಿಯುವ ಕಾರಿಗೆ ಹಿಂಬದಿ ಕ್ಯಾಮೆರಾ ಇದೆ, ಸೆನ್ಸರ್ ಇದೆ. ರಿವರ್ಸ್ ಹೋಗುವುದು ಮಾತ್ರ ಗೊಬ್ಬರದ ಮೂಟೆ ಹೊತ್ತ ಪಿಕಪ್ಪೇ.

2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಆನ್‌ಲೈನ್ ನೋಂದಣಿ ಬಂತು, ಅರ್ಧ ದಿನಕ್ಕೆ 600 ವಾಹನ. ಬೆಟ್ಟ ತಾಳಿಕೊಳ್ಳುವುದಕ್ಕೆ ಒಂದು ಮಿತಿ ಇದೆಯೆಂದು ಸರ್ಕಾರವೇ ಒಪ್ಪಿದಂತಾಯಿತು. ಬೆಟ್ಟದ ಬುಡದವರಿಗೆ ಅಂಥ ಸ್ಲಾಟೇನೂ ಗೊತ್ತುಮಾಡಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮ 2000ನೇ ಇಸವಿಯದು. ಪಕ್ಕದ ಹೋಂಸ್ಟೇಯ ಕ್ಯಾಂಪ್‌ಫೈರ್‌ಗೆ ಅದಿನ್ನೂ ತಲುಪಿಲ್ಲ. ಬಹುಶಃ ನೆಟ್‌ವರ್ಕ್ ಸಮಸ್ಯೆ.

ಕೊನೆಯ ಪರೀಕ್ಷೆ ಸ್ಟಾರುಗಳದ್ದು. ಜುಲೈಯಲ್ಲಿ ಬಂದವರು, ಇಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಹಚ್ಚಿಕೊಳ್ಳಲು ಕೊಟ್ಟ ಸುಣ್ಣ-ಹೊಗೆಸೊಪ್ಪನ್ನು ನಾತವೆಂದು ಬಿಸಾಡಿ, ಚಪ್ಪಲಿಯಲ್ಲೇ ತೋಟ ಸುತ್ತಿ, ಮನೆಗೆ ಹೋಗಿ ಬರೆಯುತ್ತಾರೆ: ‘ಮಳೆ ಜಾಸ್ತಿ, ಇಂಬಳ ಕಚ್ಚಿತು, ಎರಡು ಸ್ಟಾರ್.’ ಸಿಟ್ಟಾಗದೆ ಹೀಗೆ ಉತ್ತರಿಸಿ: ‘ನಿಮಗಾದ ತೊಂದರೆಗೆ ಕ್ಷಮೆ ಇರಲಿ. ಇಂಬಳಗಳ ಜೊತೆ ಮಾತಾಡಿದ್ದೇವೆ, ಬರುವ ಆಷಾಢದೊಳಗೆ ಅವಕ್ಕೂ ತರಬೇತಿ ಮುಗಿಯುತ್ತದೆ.’