ಮಹಾಮಾರಿ ಬಂದಾಗ ಕಂಪನಿಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾ? ಪರ-ವಿರೋಧ

ಕಂಪನಿಗಳ ಸಹಾಯ ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಮಾಸ್ಕ್, ಔಷಧ, ಲಸಿಕೆ ಎಲ್ಲವೂ ಯಾವುದೋ ಒಂದು ಕಾರ್ಖಾನೆಯಿಂದಲೇ ಬರಬೇಕು. ಪ್ರಶ್ನೆ ಬೇರೆ. ತೀರ್ಮಾನ ಮಾಡುವ ಕೋಣೆಗೆ ಸರ್ಕಾರ ಅವರನ್ನು ಕರೆಯಬೇಕಾ, ಇಲ್ಲ ಬಾಗಿಲಲ್ಲೇ ನಿಲ್ಲಿಸಿ ಆರ್ಡರ್ ಕೊಟ್ಟು ಮಾಲು ತರಿಸಿಕೊಂಡರೆ ಸಾಕಾ? ಎರಡೂ ಕಡೆ ನಿಂತು ಬರೆದಿದ್ದೇನೆ. ಎರಡನ್ನೂ ಮನಸ್ಸಿಟ್ಟೇ ಬರೆದಿದ್ದೇನೆ.

ಪರ: ಕರೆಯಿರಿ, ಮೊದಲ ದಿನವೇ ಕರೆಯಿರಿ

2014ರ ಮಾರ್ಚ್ ಕೊನೆ. ಪಶ್ಚಿಮ ಆಫ್ರಿಕಾದ ದೇಶ ಲೈಬೀರಿಯಾದ ಹಾರ್ಬೆಲ್‌ನಲ್ಲಿ ಫೈರ್‌ಸ್ಟೋನ್ ಕಂಪನಿಯ ದೊಡ್ಡ ರಬ್ಬರ್ ತೋಟ ಇದೆ. ಅಲ್ಲಿನ ನೌಕರನೊಬ್ಬನ ಹೆಂಡತಿಗೆ ಎಬೋಲಾ ಅನ್ನುವ ಮಾರಕ ಸಾಂಕ್ರಾಮಿಕ ರೋಗ ಬಂತು. ಆಕೆಯನ್ನು ರಾಜಧಾನಿ ಮನ್ರೋವಿಯಾಕ್ಕೆ ಕಳಿಸಲು ಕಂಪನಿಯವರು ಓಡಾಡಿದರು. ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಿ. ತೋಟದ ಆಸ್ಪತ್ರೆಯ ಜಾಗದಲ್ಲೇ ಅವಸರದಲ್ಲಿ ಒಂದು ಪ್ರತ್ಯೇಕ ವಾರ್ಡ್ ಮಾಡಿದರು. ಎಬೋಲಾಕ್ಕೆ ಬೇಕಾದ ರಕ್ಷಣಾ ಉಡುಪು ಇರಲಿಲ್ಲ. ಕೆಮಿಕಲ್ ಚೆಲ್ಲಿದಾಗ ಹಾಕಿಕೊಳ್ಳಲು ಅಂತ ಇಟ್ಟಿದ್ದ ಸೂಟ್‌ಗಳನ್ನೇ ನರ್ಸ್‌ಗಳಿಗೆ ಕೊಟ್ಟರು. ಮಳೆಗಾಲದಲ್ಲಿ ಸೋಂಕು ಮತ್ತೆ ಜೋರಾದಾಗ ಖಾಲಿ ಬಿದ್ದಿದ್ದ ಶಾಲೆಗಳು ಕ್ವಾರಂಟೈನ್ ಆದವು, ಕೆಲಸವಿಲ್ಲದೆ ಕೂತಿದ್ದ ಮೇಷ್ಟ್ರುಗಳು ಮನೆ ಮನೆಗೆ ಹೋಗಿ ರೋಗ ಹೇಗೆ ಹರಡುತ್ತದೆ ಅಂತ ಹೇಳಿಕೊಟ್ಟರು. ಅಲ್ಲಿ ಇದ್ದವರು ಸುಮಾರು 80,000 ಜನ, ಬರೀ ನೌಕರರಲ್ಲ, ಅವರ ಕುಟುಂಬದವರು, ಸುತ್ತಮುತ್ತಲಿನವರು ಎಲ್ಲ ಸೇರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಈ ಕೆಲಸವನ್ನು ವರದಿ ಮಾಡಿ ಪ್ರಕಟಿಸಿತು.

ಇಲ್ಲಿ ದೊಡ್ಡ ವಿಜ್ಞಾನ ಏನೂ ಇಲ್ಲ, ಅಲ್ವಾ? ಕಟ್ಟಡ ಇತ್ತು, ಸೂಟ್ ಇತ್ತು, ಯಾರ ಮನೆ ಎಲ್ಲಿ ಅಂತ ಗೊತ್ತಿತ್ತು, ಹೋಗಿ ಬಾಗಿಲು ತಟ್ಟಿದರೆ ಜನ ಕದ ತೆಗೆಯುವಂಥ ಮುಖಗಳಿದ್ದವು. ಕಂಪನಿ ಕೊಡಬಹುದಾದ ಸಹಾಯ ಅಂದರೆ ನನಗೆ ಮೊದಲು ಕಾಣುವುದು ಇದೇ. ಚೆಕ್ ಬರೆದುಕೊಡುವುದು ಆಮೇಲಿನ ಮಾತು.

ಇನ್ನೊಂದು ಕಥೆ ನೋಡಿ, ಇದು ಕೋವಿಡ್ ಕಾಲದ್ದು. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಎಲ್‌ವಿಎಂಎಚ್ ಅನ್ನುವ ಐಷಾರಾಮಿ ವಸ್ತುಗಳ ಕಂಪನಿ ತನ್ನ ಸುಗಂಧ ದ್ರವ್ಯದ ಕಾರ್ಖಾನೆಗಳಲ್ಲಿ ಸ್ಯಾನಿಟೈಸರ್ ಮಾಡಲು ಶುರು ಮಾಡಿತು. ಅಮೆರಿಕದಲ್ಲಿ ನೂರಾರು ಸಣ್ಣ ಮದ್ಯ ತಯಾರಕರು ಅದನ್ನೇ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ತಯಾರಿಕೆಯ ವಿಧಾನವನ್ನು ಎಷ್ಟೋ ವರ್ಷದ ಹಿಂದೆಯೇ ಎಲ್ಲರಿಗೂ ಸಿಗುವ ಹಾಗೆ ಇಟ್ಟಿತ್ತು: ಎಥನಾಲ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ಗ್ಲಿಸರಾಲ್, ನೀರು. ಆದರೆ ಮದ್ಯದ ಪರವಾನಗಿ ಇರುವವನು ಸುಮ್ನೆ ಹೋಗಿ ಸ್ಯಾನಿಟೈಸರ್ ಮಾಡುವಂತಿಲ್ಲ, ತೆರಿಗೆಯ ನಿಯಮಗಳು ಅಡ್ಡ ಬರುತ್ತವೆ. ಆ ನಿಯಮಗಳನ್ನು ಸಡಿಲ ಮಾಡಿದ್ದಕ್ಕೇ ಕೆಲಸ ನಡೆಯಿತು. ವರ್ಷದ ಕೊನೆಗೆ ಏನಾಯಿತು ಗೊತ್ತಾ? ಸ್ಯಾನಿಟೈಸರ್ ಮಾಡಿದ್ದಕ್ಕೆ ನೀವೀಗ ಔಷಧ ತಯಾರಕರು ಅಂತ ಒಬ್ಬೊಬ್ಬರ ಮೇಲೂ 14,000 ಡಾಲರಿಗೂ ಜಾಸ್ತಿ ಶುಲ್ಕ ಬಂತು. ಡಿಸೆಂಬರ್ 31ರಂದು ಸರ್ಕಾರವೇ ಅದನ್ನು ಕೈಬಿಟ್ಟಿತು. ಮೊದಲೇ ಒಂದೇ ಮೇಜಿನ ಸುತ್ತ ಕೂತಿದ್ದರೆ ಈ ಕಿರಿಕಿರಿ ಯಾಕೆ ಆಗುತ್ತಿತ್ತು?

ಲಸಿಕೆಯ ವಿಷಯಕ್ಕೆ ಬಂದರೆ ಕೋವಿಡ್ ವೈರಸ್ಸಿನ ಜೀನೋಮ್, ಅಂದರೆ ಅದರ ಜೀನುಗಳ ಪೂರ್ತಿ ವಿವರ, ಹೊರಬಂದಿದ್ದು 2020ರ ಜನವರಿಯಲ್ಲಿ. ಪ್ರಯೋಗದ ಹಂತ ದಾಟಿ ಬ್ರಿಟನ್‌ನಲ್ಲಿ ಮೊದಲ ಚುಚ್ಚುಮದ್ದು ಹಾಕಿದ್ದು ಡಿಸೆಂಬರ್ 8ಕ್ಕೆ. ಜರ್ಮನಿ ಬಯೋಎನ್‌ಟೆಕ್‌ಗೆ ಅನ್ನುವ ಲಸಿಕೆ ಕಂಪನಿಗೆ 37.5 ಕೋಟಿ ಯೂರೋ ಕೊಟ್ಟಿತು. ಅಮೆರಿಕ ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುವ ಮುಂಚೆಯೇ ಜುಲೈನಲ್ಲಿ ಫೈಜರ್‌ಗೆ 10 ಕೋಟಿ ಡೋಸ್‌ಗೆ ಆರ್ಡರ್ ಹಾಕಿತು. ಗೆದ್ದರೆ ಕೊಳ್ಳುವವರು ಇದ್ದಾರೆ ಅಂತ ಗೊತ್ತಿದ್ದರೆ ಮಾತ್ರ ಯಂತ್ರಗಳನ್ನು ಮೊದಲೇ ತಂದು ನಿಲ್ಲಿಸುವ ಧೈರ್ಯ ಬರುತ್ತದೆ.

ಇಷ್ಟೆಲ್ಲ ದೊಡ್ಡ ಮಾತಿನ ನಡುವೆ ಮರೆತೇಹೋಗುವ ಒಂದು ಸಣ್ಣ ವಿಷಯ ಇದೆ: ಸಂಬಳ ಸಹಿತ ರಜೆ. ರಜೆ ಹಾಕಿದರೆ ಆ ದಿನದ ದುಡ್ಡು ಹೋಗುತ್ತದೆ ಅಂದರೆ ಜ್ವರ ಬಂದವನು ಮಾತ್ರೆ ನುಂಗಿ ಕೆಲಸಕ್ಕೆ ಬಂದೇ ಬರುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ. "ಮನೆಯಲ್ಲಿರಿ" ಅಂತ ಸರ್ಕಾರ ದಿನಕ್ಕೆ ಹತ್ತು ಸಲ ಹೇಳಬಹುದು, ಆದರೆ ಮನೆಯಲ್ಲಿ ಇರುವುದು ಸಾಧ್ಯವಾಗುವ ಹಾಗೆ ಮಾಡುವುದು ಮಾಲೀಕರ ಕೈಯಲ್ಲಿದೆ. ಮಾಲೀಕರನ್ನು ಹೊರಗಿಟ್ಟು ಈ ತೀರ್ಮಾನ ಹೇಗೆ ಮಾಡುತ್ತೀರಿ?

ವಿರೋಧ: ಬಾಗಿಲಲ್ಲೇ ಮಾತಾಡಿ, ಬರವಣಿಗೆಯಲ್ಲಿ ಮಾತಾಡಿ

ಹಾರ್ಬೆಲ್‌ನ ನರ್ಸ್‌ಗಳ ಬಗ್ಗೆ, ಮೇಷ್ಟ್ರುಗಳ ಬಗ್ಗೆ ನನಗೂ ಗೌರವ ಇದೆ. ಆದರೆ ಆ ತೋಟದ ಕಥೆ 2014ರಲ್ಲಿ ಶುರುವಾಗಲ್ಲ. ಫೈರ್‌ಸ್ಟೋನ್‌ಗೆ ಲೈಬೀರಿಯಾ 1926ರಲ್ಲಿ 99 ವರ್ಷಕ್ಕೆ ಗುತ್ತಿಗೆ ಬರೆದುಕೊಟ್ಟಿತ್ತು, 10 ಲಕ್ಷ ಎಕರೆವರೆಗೆ. ಸಂಬಳ ಕೊಡುವುದು ಕಂಪನಿ, ಮನೆ ಕಂಪನಿಯದು, ಶಾಲೆ ಕಂಪನಿಯದು, ಆಸ್ಪತ್ರೆಯೂ ಕಂಪನಿಯದೇ. ಅಂಥ ಜಾಗದಲ್ಲಿ ಎಲ್ಲರೂ ಕಂಪನಿಯ ಮಾತು ಕೇಳಿದರು ಅಂದರೆ ಅದರಲ್ಲಿ ಎಷ್ಟು ನಂಬಿಕೆ, ಎಷ್ಟು ಅನಿವಾರ್ಯ? ತೋಟದ ಗಡಿಯ ಆಚೆ ದೇಶಕ್ಕೆ ದೇಶವೇ ಒದ್ದಾಡಿತು. ಲೈಬೀರಿಯಾದಲ್ಲಿ 4,800ಕ್ಕೂ ಹೆಚ್ಚು ಜನ ಸತ್ತರು. ಮನ್ರೋವಿಯಾದ ಆಸ್ಪತ್ರೆ ಆ ಹೆಂಗಸನ್ನು ಸೇರಿಸಿಕೊಳ್ಳಲಿಲ್ಲ ಅನ್ನುವುದೇ ನನಗೆ ಆ ಕಥೆಯ ಮುಖ್ಯ ಸಾಲು. ದುಡ್ಡು ಮೊದಲು ಹೋಗಬೇಕಾಗಿದ್ದು ಆ ಆಸ್ಪತ್ರೆಗೆ.

ಇನ್ನು ಕೋಣೆಗೆ ಕರೆಯುವ ವಿಷಯ. ಕರೆದಾಗ ಏನಾಯಿತು ಅಂತ ನಮಗೆ ಗೊತ್ತಿದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಂಸ ಸಂಸ್ಕರಣಾ ಘಟಕಗಳಲ್ಲಿ ಸೋಂಕು ಕಾಡ್ಗಿಚ್ಚಿನಂತೆ ಹಬ್ಬಿತ್ತು. ಅಲ್ಲಿನ ಕೆಲಸ ಹೇಗೆ ಅಂದರೆ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲಬೇಕು, ಒಳಗೆ ತಣ್ಣಗಿನ ಗಾಳಿ, ಯಂತ್ರದ ಸದ್ದಿಗೆ ಪಕ್ಕದವನಿಗೂ ಕೂಗಿಯೇ ಹೇಳಬೇಕು, ಕತ್ತರಿಸುವ ವೇಗ ಇಳಿಯುವಂತಿಲ್ಲ. ಕೆಲವು ಊರುಗಳ ಆರೋಗ್ಯ ಅಧಿಕಾರಿಗಳು ಘಟಕ ಮುಚ್ಚಿಸಲು ಹೊರಟಿದ್ದರು. ಏಪ್ರಿಲ್ 28ಕ್ಕೆ ಅಧ್ಯಕ್ಷರ ಆದೇಶ ಬಂತು, ಘಟಕಗಳು ನಡೆಯಲೇಬೇಕು ಅಂತ. ಆ ಥರದ್ದೇ ಒಂದು ಆದೇಶದ ಕರಡನ್ನು ಉದ್ಯಮದ ಸಂಘವೇ ಒಂದು ವಾರ ಮೊದಲು ಬರೆದು ಕಳಿಸಿತ್ತು ಅನ್ನುವುದು ಆಮೇಲೆ ಹೊರಬಂತು. ಸಂಸತ್ತಿನ ಉಪಸಮಿತಿ ಲೆಕ್ಕ ಹಾಕಿದಾಗ, ಐದು ದೊಡ್ಡ ಕಂಪನಿಗಳಲ್ಲಿ ಮಹಾಮಾರಿಯ ಮೊದಲ ವರ್ಷದಲ್ಲೇ ಕನಿಷ್ಠ 59,000 ಕೆಲಸಗಾರರಿಗೆ ಸೋಂಕು ತಗುಲಿತ್ತು, 269 ಜನ ಸತ್ತಿದ್ದರು. ಅವರಿಂದ ಮನೆಯವರಿಗೆ, ಊರಿನವರಿಗೆ ಹಬ್ಬಿದ್ದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸಂಬಳ ಸಹಿತ ರಜೆಯ ಬಗ್ಗೆ ಮೇಲೆ ಬರೆದದ್ದು ನೂರಕ್ಕೆ ನೂರು ಸರಿ. ಅದಕ್ಕೇ ಹೇಳುತ್ತಿದ್ದೇನೆ, ಅದನ್ನು ಮಾಲೀಕರ ಒಳ್ಳೆಯತನಕ್ಕೆ ಬಿಡಬೇಡಿ. ಕಾನೂನು ಮಾಡಿ. ಕರೆಯುವುದಿದ್ದರೆ ಆ ಸಾಲಿನಲ್ಲಿ ನಿಂತು ಕೆಲಸ ಮಾಡುವವರನ್ನು ಕರೆಯಿರಿ, ಅವರ ಊರಿನ ಆರೋಗ್ಯ ಅಧಿಕಾರಿಯನ್ನು ಕರೆಯಿರಿ. "ಸಮುದಾಯ" ಅನ್ನುವ ಮಾತು ಪ್ರತಿ ಭಾಷಣದಲ್ಲಿ ಇರುತ್ತದೆ, ಕುರ್ಚಿ ಹಾಕುವ ಹೊತ್ತಿಗೆ ಅವರ ನೆನಪೇ ಇರಲ್ಲ.

ಅವಸರ ಅನ್ನುವ ನೆಪವೂ ಇದೆ. ಬ್ರಿಟನ್‌ನಲ್ಲಿ ಪಿಪಿಇ (ಮಾಸ್ಕ್, ಗ್ಲೌಸ್, ಗೌನ್ ಥರದ ರಕ್ಷಣಾ ಸಾಮಗ್ರಿ) ಕೊಳ್ಳುವಾಗ ಮಂತ್ರಿಗಳು, ಸಂಸದರು, ಅಧಿಕಾರಿಗಳು ಹೇಳಿಕಳಿಸಿದವರಿಗೆ ಬೇರೆಯೇ ಒಂದು ದಾರಿ ಮಾಡಿದ್ದರು. ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ನೋಡಿದಾಗ ಆ ದಾರಿಯಲ್ಲಿ ಬಂದ ಹತ್ತರಲ್ಲಿ ಸುಮಾರು ಒಬ್ಬರಿಗೆ ಗುತ್ತಿಗೆ ಸಿಕ್ಕಿತ್ತು, ಮಾಮೂಲಿ ದಾರಿಯಲ್ಲಿ ಬಂದವರಿಗೆ ನೂರಕ್ಕೆ ಒಂದೂ ಇಲ್ಲ. 2022ರ ಜನವರಿಯಲ್ಲಿ ಹೈಕೋರ್ಟ್ ಈ ವ್ಯವಸ್ಥೆ ಕಾನೂನಿಗೆ ವಿರುದ್ಧ ಅಂತ ಹೇಳಿತು. ಆ ಮೊದಲ ವರ್ಷ ಕೊಂಡ 1,210 ಕೋಟಿ ಪೌಂಡ್ ಪಿಪಿಇಯಲ್ಲಿ 870 ಕೋಟಿ ಪೌಂಡ್ ಮೌಲ್ಯವನ್ನು ಸರ್ಕಾರ ಲೆಕ್ಕದಿಂದ ಹೊಡೆದುಹಾಕಬೇಕಾಯಿತು. ಜನರ ದುಡ್ಡು ಅದು.

ಮುಂಗಡ ಹಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಪರ ವಾದದಲ್ಲಿ ನನಗೆ ಗಟ್ಟಿ ಅನಿಸಿದ್ದು ಅದೇ. ಅಮೆರಿಕ ಸರ್ಕಾರ 2010ರಲ್ಲೇ ಇಂಥ ಒಂದು ಒಪ್ಪಂದ ಮಾಡಿಕೊಂಡಿತ್ತು. ನ್ಯೂಪೋರ್ಟ್ ಅನ್ನುವ ಸಣ್ಣ ಕಂಪನಿ, ಸುಲಭವಾಗಿ ಹೊತ್ತೊಯ್ಯಬಹುದಾದ ವೆಂಟಿಲೇಟರ್, ಒಂದಕ್ಕೆ 3,000 ಡಾಲರಿಗಿಂತ ಕಡಿಮೆ ಬೆಲೆ. ಮಾದರಿಗಳೂ ತಯಾರಾದವು. 2012ರಲ್ಲಿ ಕೋವಿಡಿಯನ್ ಅನ್ನುವ ದೊಡ್ಡ ಕಂಪನಿ ನ್ಯೂಪೋರ್ಟನ್ನು ಕೊಂಡುಕೊಂಡಿತು. 2014ರಲ್ಲಿ ಲಾಭ ಸಾಲದು ಅಂತ ಒಪ್ಪಂದದಿಂದ ಹೊರಬಂತು. ಸರ್ಕಾರ ಬಿಟ್ಟುಕೊಟ್ಟಿತು. ಆರು ವರ್ಷ ಆದಮೇಲೆ ಡಾಕ್ಟರುಗಳು ಒಂದೇ ವೆಂಟಿಲೇಟರ್‌ಗೆ ಇಬ್ಬರು ರೋಗಿಗಳನ್ನು ಸೇರಿಸಬಹುದಾ ಅಂತ ಯೋಚಿಸುವ ಸ್ಥಿತಿ ಬಂತು.

ಆ ಒಪ್ಪಂದದಲ್ಲಿ ಒಂದು ಷರತ್ತು ಇದ್ದಿದ್ದರೆ? ಕಂಪನಿ ಮಾರಾಟವಾದರೆ ಅಥವಾ ಕೈಬಿಟ್ಟರೆ ಡಿಸೈನ್, ನಕ್ಷೆ, ಅಚ್ಚು ಎಲ್ಲವೂ ಸರ್ಕಾರಕ್ಕೆ ಸೇರುತ್ತದೆ, ಇನ್ನೊಬ್ಬರಿಂದ ಮಾಡಿಸಿಕೊಳ್ಳಬಹುದು ಅಂತ ಎರಡೇ ಸಾಲು. ಮುಂದಿನ ಸಲ ದುಡ್ಡು ಕೊಡುವ ಮುಂಚೆ ಆ ಎರಡು ಸಾಲು ಬರೆಸಿಕೊಳ್ಳಿ, ಸಹಿ ಬಿದ್ದ ದಿನವೇ ಇಡೀ ಒಪ್ಪಂದವನ್ನು ಒಂದು ಸಾಲಿಗೂ ಕಪ್ಪು ಬಳಿಯದೆ ಜನರ ಮುಂದೆ ಇಡಿ. ಆಮೇಲೆ ಬೇಕಾದರೆ ಕುರ್ಚಿ ಹಾಕಿ.