ಕಳ್ಳನಿಗೂ ಕಾಣಲ್ಲ, ಭಾವನಿಗೂ ಕಾಣಲ್ಲ

"ಹಾರ್ಡ್ ಡಿಸ್ಕ್ ಸತ್ತೋಯ್ತು" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದ್ಲು ಕೇಳೋದು, ಸತ್ತಿದ್ಯಾ ಇಲ್ಲಾ ಕಾಣ್ತಿಲ್ವಾ ಅಂತ. ನಮ್ಮ ಜನಕ್ಕೆ ಎರಡೂ ಒಂದೇ. ಫೈಲ್ ಮ್ಯಾನೇಜರ್ ಎಡಗಡೆ ಪಟ್ಟೀಲಿ ಹೆಸರಿಲ್ಲ ಅಂದ್ರೆ ಮುಗೀತು, ತಿಥಿ ಅಡುಗೆಯವರಿಗೆ ಹೇಳಿಬಿಡ್ತಾರೆ.

ಶಿವಮೊಗ್ಗದ ಭಾವಂದೂ ಅದೇ ಕತೆ. ಅವರ ಹತ್ರ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಇದೆ, ಅದ್ರಲ್ಲಿ ಗೃಹಪ್ರವೇಶದ ವಿಡಿಯೋ, ಸೈಟಿನ ಖಾತಾ, ಇನ್‌ಕಮ್ ಟ್ಯಾಕ್ಸ್ ಕಾಗದ, ಹಿಂಗೆ ಅವರ ಅರ್ಧ ಜೀವನ ಇದೆ. ಅಳಿಯ, ಅಂದ್ರೆ ಅವರ ಮಗ, ಟೆಕ್ಸಾಸ್‌ಗೆ ಓದಕ್ಕೆ ಹೋಗೋ ಮುಂಚೆ ಅದನ್ನ ಎನ್‌ಕ್ರಿಪ್ಟ್ ಮಾಡಿ, ಅಂದ್ರೆ ಪಾಸ್‌ವರ್ಡ್ ಇಲ್ದೆ ಯಾರೂ ಓದಕ್ಕಾಗದಂಗೆ ಗುಟ್ಟಿನ ಲಿಪಿಗೆ ಹಾಕಿ, "ಅಪ್ಪಾ, ಇನ್ಮೇಲೆ ಕಳ್ಳ ಎತ್ಕೊಂಡು ಹೋದ್ರೂ ಅವನಿಗೆ ಏನೂ ಸಿಗಲ್ಲ" ಅಂತ ಧೈರ್ಯ ಹೇಳಿ ವಿಮಾನ ಹತ್ತಿದ. ಕಳ್ಳ ಇನ್ನೂ ಬಂದಿಲ್ಲ. ಮೊನ್ನೆ ಬ್ಯಾಂಕಿಗೆ ಖಾತಾ ಕಾಪಿ ಬೇಕು ಅಂತ ಭಾವ ನೋಡಿದ್ರೆ ಅವರಿಗೇ ಏನೂ ಸಿಗ್ಲಿಲ್ಲ.

ನಂಗೆ ಫೋನ್ ಮಾಡೋ ಮೊದ್ಲು ಅವರು ಇನ್ನೊಂದು ಕೆಲಸ ಮಾಡಿದ್ರು, ನೆನೆಸಿಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ತಮ್ಮ ಲ್ಯಾಪ್‌ಟಾಪಲ್ಲಿ ವಿಂಡೋಸ್ ಬದ್ಲು ಉಬುಂಟು ಅನ್ನೋ ಲಿನಕ್ಸ್ ಇರೋದ್ರಿಂದಲೇ ತೊಂದ್ರೆ ಅಂತ ತೀರ್ಮಾನ ಮಾಡಿ ಡಿಸ್ಕ್ ಕಿತ್ಕೊಂಡು ಪಕ್ಕದ್ಮನೆ ಹುಡುಗನ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದಾರೆ. ಅದು, ಈ ಡ್ರೈವ್ ಬಳಸ್ಬೇಕಾದ್ರೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ ಅಂತ ಬಹಳ ವಿನಯದಿಂದ ಕೇಳಿದೆ. ಅದರದ್ದೇನೂ ತಪ್ಪಿಲ್ಲ ಬಿಡಿ, ಅಳಿಯ ಡಿಸ್ಕಲ್ಲಿ ಮೊದ್ಲಿದ್ದ ಪಾರ್ಟಿಶನ್ (ವಿಭಾಗ) ಮೇಲೇ ಎನ್‌ಕ್ರಿಪ್ಶನ್ ಹಾಕಿದ್ದ, ಹೊರಗಿನ ಚೀಟಿ ಇನ್ನೂ ವಿಂಡೋಸ್ ಪಾರ್ಟಿಶನ್ ಅಂತಾನೇ ಇತ್ತು, ಒಳಗೆ ನೋಡಿದ್ರೆ ತಲೆಬುಡ ಅರ್ಥವಾಗದ ಬೈಟುಗಳು, ಪಾಪ ಅದಾದ್ರೂ ಏನ್ ಮಾಡುತ್ತೆ. ಭಾವ ಮೌಸು ಹಿಡ್ಕೊಂಡು ಇನ್ನೇನು ಒತ್ತಬೇಕು, ಅಕ್ಕ ಹಿಂದಿನಿಂದ "ಏನದು, ನನ್ನ ತಮ್ಮನ್ನ ಒಂದ್ಮಾತು ಕೇಳಿ" ಅಂದಿದಾಳೆ. ಒತ್ತಿದ್ರೆ ಡಿಸ್ಕಿನ ಶುರುವಿನಲ್ಲೇ ಇರೋ ಹೆಡರ್‌ಗೆ ಪೆಟ್ಟು ಬೀಳ್ತಿತ್ತು. ನಾವು ಹೊಡೆಯೋ ಪಾಸ್‌ವರ್ಡ್ ನೇರವಾಗಿ ಡಿಸ್ಕನ್ನ ತೆಗೆಯಲ್ಲ, ಹೆಡರಲ್ಲಿ ಬಚ್ಚಿಟ್ಟಿರೋ ಅಸಲಿ ಕೀಲಿಯನ್ನ ತೆಗೆಯುತ್ತೆ, ಅದು ಹಾಳಾಗಿ ಬ್ಯಾಕಪ್ಪೂ ಇಲ್ಲ ಅಂದ್ರೆ ಪಾಸ್‌ವರ್ಡ್ ಕಂಠಪಾಠ ಇದ್ರೂ ಗೃಹಪ್ರವೇಶ ಇನ್ನೊಂದ್ಸಲ ಮಾಡ್ಬೇಕು. ಅದಕ್ಕೇ ನಂಗೆ ಏನೂ ಹೇಳದೆ ಬಾಯ್ಮುಚ್ಕೊಂಡಿರೋ ಫೈಲ್ ಮ್ಯಾನೇಜರೇ ವಾಸಿ ಅನ್ಸುತ್ತೆ.

ಸರಿ, ಡಿಸ್ಕ್ ವಾಪಸ್ ತಂದು ಉಬುಂಟುಗೆ ಹಾಕಿ ರೀಸ್ಟಾರ್ಟ್ ಮಾಡಿ ಅಂದೆ. ಸ್ಕ್ರೀನ್ ಶೇರ್ ಮಾಡ್ಸೋಣ ಅಂದ್ರೆ ಅಲ್ಲಿ ಮಳೆ, ಅವರ ಮನೆ ಇಂಟರ್ನೆಟ್ ಮಳೆ ನಿಲ್ಲೋವರ್ಗೂ ಬರಲ್ಲ. ಹಂಗಾಗಿ ಫೋನಲ್ಲೇ ಟರ್ಮಿನಲ್ ಪಾಠ, ಅಂದ್ರೆ ಕಮಾಂಡ್ ಹೊಡೆಯೋ ಕಿಟಕಿ ತೆಗೆಸಿ ಮೊದ್ಲು ಡಿಸ್ಕುಗಳ ಪಟ್ಟಿ ಕೇಳೋದು.

"ಎಲ್ ಎಸ್ ಬಿ ಎಲ್ ಕೆ ಅಂತ ಹೊಡೀರಿ ಭಾವ, ಸ್ಪೇಸ್ ಕೊಟ್ಟು ಮೈನಸ್ ಎಫ್."

"ಕಮಾಂಡ್ ನಾಟ್ ಫೌಂಡ್ ಅಂತಿದೆ ಮಾರಾಯ."

ಎಲ್ ಬದ್ಲು ಒಂದು (1) ಹೊಡೆದಿದ್ರು. ಸರಿ ಮಾಡ್ಸಿದ್ಮೇಲೆ ನಿಧಾನಕ್ಕೆ ಓದ್ತಾ ಬಂದ್ರು, ಎಸ್‌ಡಿಎ, ಎಸ್‌ಡಿಬಿ, ಆಮೇಲೆ ಇದ್ದಕ್ಕಿದ್ದಂಗೆ ದನಿ ಬದಲಾಯ್ತು. "ಇಲ್ಲಿ ಕ್ರಿಪ್ಟೋ ಅಂತಿದ್ಯಲ್ಲೋ. ಇವ್ನು ನನ್ನ ದುಡ್ಡಲ್ಲಿ ಬಿಟ್‌ಕಾಯಿನ್ ತಗೊಂಡಿದಾನಾ?"

ಇಲ್ಲ ಭಾವ, ಕ್ರಿಪ್ಟೋ ಲಕ್ಸ್ ಅಂದ್ರೆ ಲಿನಕ್ಸಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ಪದ್ಧತಿ, 2004ರಿಂದ ಇದೆ, ಆ ಹೆಸ್ರು ಕಂಡ್ರೆ ಡಿಸ್ಕ್ ಜೀವಂತ ಇದೆ, ಹೆಡರ್ರೂ ಇದೆ ಅಂತ ಸಮಾಧಾನ ಮಾಡ್ದೆ. "ಅದ್ರ ಕೆಳಗೆ ಇನ್ನೇನಾದ್ರೂ ಇದ್ಯಾ?"

"ಇನ್ನೊಂದು ಸಾಲಿದೆ. ಸ್ಲ್ಯಾಶ್ ಎಂಎನ್‌ಟಿ ಸ್ಲ್ಯಾಶ್ ಮನೆ."

ಆಗ ಗೊತ್ತಾಯ್ತು. ಬೀಗಾನೇ ಹಾಕಿರ್ಲಿಲ್ಲ! ಡಿಸ್ಕ್ ಆಗ್ಲೇ ಅನ್‌ಲಾಕ್ ಆಗಿ, ಮೌಂಟ್ ಆಗಿ (ಅಂದ್ರೆ ಒಂದು ಫೋಲ್ಡರಿಗೆ ಜೋಡಿಸ್ಕೊಂಡು), ಖಾತಾ ಕಾಪಿ ಸಮೇತ ಸಿದ್ಧವಾಗಿ ಕೂತಿತ್ತು. ಆದ್ರೆ ಕೂತಿದ್ದು ಎಂಎನ್‌ಟಿ ಫೋಲ್ಡರ್ ಒಳಗೆ. ಉಬುಂಟು ಫೈಲ್ ಮ್ಯಾನೇಜರ್ ಹಿಂದೆ ಜಿವಿಎಫ್‌ಎಸ್ ಅಂತ ಒಂದಿದೆ, ಅದರ ಪ್ರಕಾರ ಮೀಡಿಯಾ ಫೋಲ್ಡರಲ್ಲೋ ನಿಮ್ಮ ಹೋಮ್ ಫೋಲ್ಡರಲ್ಲೋ ಮೌಂಟ್ ಆದದ್ದು ಮಾತ್ರ ಬಳಸೋರಿಗೆ ಬೇಕಾದ್ದು, ಎಂಎನ್‌ಟಿಯಲ್ಲಿ ಮೌಂಟ್ ಆದದ್ದು ಸಿಸ್ಟಮ್ಮಿನ ಸ್ವಂತ ವ್ಯವಹಾರ, ಅದನ್ನ ಪಟ್ಟೀಲಿ ತೋರ್ಸಲ್ಲ. ತೋರ್ಸು ಅಂತ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿ ಒಂದು ಪದ ಬರೆದ್ರೆ ತೋರ್ಸುತ್ತೆ, ಇಲ್ಲಾಂದ್ರೆ ಕಂಪ್ಯೂಟರ್ ಅನ್ನೋದ್ರ ಒಳಗೆ ಹೊಕ್ಕು ನಾವೇ ಹುಡುಕ್ಕೋಬೇಕು. ಅಳಿಯ ಅಪ್ಪನಿಗೆ ದಿನಾ ಪಾಸ್‌ವರ್ಡ್ ಹೊಡೆಯೋ ಕಷ್ಟ ಬೇಡ ಅಂತ, ಕೀ ಫೈಲನ್ನ ಅದೇ ಲ್ಯಾಪ್‌ಟಾಪಲ್ಲಿಟ್ಟು, ಆನ್ ಮಾಡಿದ ಕೂಡ್ಲೇ ಡಿಸ್ಕ್ ತಾನಾಗೇ ತೆಕ್ಕೊಳ್ಳೋ ಹಂಗೆ ಮಾಡಿದ್ದ. ಲ್ಯಾಪ್‌ಟಾಪ್ ಮಾತ್ರ ಎನ್‌ಕ್ರಿಪ್ಟ್ ಮಾಡಿಲ್ಲ. ಬೀಗ ಹಾಕಿ ಕೀಲಿಕೈನ ಬಾಗಿಲ ಪಕ್ಕದ ಮೊಳೆಗೇ ನೇತುಹಾಕ್ದಂಗೆ. ಕಳ್ಳ ಎರಡನ್ನೂ ಒಂದೇ ಬ್ಯಾಗಲ್ಲಿ ಹಾಕ್ಕೊಂಡು ಹೋದ್ರೆ, ಎಂಎನ್‌ಟಿ ಗೊತ್ತಿದ್ರೆ ಸಾಕು, ಭಾವನಿಗಿಂತ ಬೇಗ ಖಾತಾ ಕಾಪಿ ಸಿಗುತ್ತೆ ಅವನಿಗೆ.

ಖಾತಾ ಪೆನ್ ಡ್ರೈವಿಗೆ ಹಾಕ್ಸಿ ಫೋನ್ ಇಟ್ಟಿದ್ರೆ ಅಲ್ಲಿಗೆ ಮುಗೀತಿತ್ತು. ಆದ್ರೆ ಮಳೆ ನಿಂತು ಇಂಟರ್ನೆಟ್ ಬಂತು ನೋಡಿ, ಸ್ಕ್ರೀನ್ ಶೇರ್ ಹಾಕಿಸ್ಕೊಂಡು ಡಿಸ್ಕನ್ನ ತಾನಾಗೇ ತೆಗೆಯೋಕೆ ಅಳಿಯ ಬರೆದಿದ್ದ ಸಾಲುಗಳ ಮುಂದೆ ಹ್ಯಾಶ್ ಹಾಕಿ ಅವು ಕೆಲ್ಸ ಮಾಡದಂಗೆ ಮಾಡ್ದೆ, ಇನ್ಮೇಲೆ ಮರ್ಯಾದೆಯಾಗಿ ಪಾಸ್‌ವರ್ಡ್ ಕೇಳ್ಲಿ ಅಂತ. ರೀಸ್ಟಾರ್ಟ್ ಮಾಡಿದ್ರೆ ಪಟ್ಟೀಲಿ 1.0 ಟಿಬಿ ಎನ್‌ಕ್ರಿಪ್ಟೆಡ್ ಅಂತ ಹೆಸರು ಬಂತು. ಭಾವ "ಬಂತು ಬಂತು" ಅಂತ ಅಕ್ಕನ್ನ ಅಡುಗೆಮನೆಯಿಂದ ಕರೆದ್ರು. ಕ್ಲಿಕ್ ಮಾಡಿದ್ರೆ ಪಾಸ್‌ವರ್ಡ್ ಕೇಳ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ.

ಟೆಕ್ಸಾಸಲ್ಲಿ ಆಗ ನಡುರಾತ್ರಿ. ಎಬ್ಬಿಸಿದ್ದಕ್ಕೆ ಅಳಿಯ ಗೊಣಗ್ತಾ, "ಅಜ್ಜಿ ಊರು ಮಾವ, ಹುಲಿಕಲ್, ಎಲ್ಲಾ ಸ್ಮಾಲ್ ಲೆಟರ್, ಮುಂದೆ ಬೈಕ್ ನಂಬರ್" ಅಂತ ಹೇಳಿ ಮತ್ತೆ ಮಲಗ್ದ. (ಈಗ ಬದಲಾಯ್ಸಿದೀವಿ, ಸುಮ್ನೆ ಟ್ರೈ ಮಾಡ್ಬೇಡಿ.) ಭಾವ ಹೊಡೆದ್ರು, ತಪ್ಪು ಅಂತು. ಮತ್ತೆ ಹೊಡೆದ್ರು, ಮತ್ತೆ ತಪ್ಪು. ಪ್ರತಿ ಸಲಾನೂ ಒಂದೆರಡು ಸೆಕೆಂಡು ತಗೊಂಡೇ ತಪ್ಪು ಅನ್ನುತ್ತೆ, ಊಹೆ ಮಾಡೋರಿಗೆ ಸುಸ್ತಾಗ್ಲಿ ಅಂತ ಬೇಕಂತ್ಲೇ ನಿಧಾನ ಮಾಡಿರ್ತಾರೆ ಅಂದೆ. "ಹಂಗಾದ್ರೆ ನನ್ನನ್ನೂ ಕಳ್ಳ ಅಂದ್ಕೊಂಡಿದ್ಯಾ ಇದು?" ಅಂತ ಭಾವನಿಗೆ ಪೂರಾ ಸಿಟ್ಟು ಬಂತು.

ಆ ಡಬ್ಬೀಲಿ ಬರೀ ಚುಕ್ಕಿ ಕಾಣೋದು, ಏನ್ ಹೊಡೀತಿದಾರೆ ಅಂತ ಯಾರಿಗೆ ಗೊತ್ತಾಗ್ಬೇಕು. ಅದನ್ನ ಬಿಟ್ಟು ಟೆಕ್ಸ್ಟ್ ಎಡಿಟರ್ ತೆಗೆದು ಅಲ್ಲಿ ಹೊಡೀರಿ ಅಂದೆ. ಹುಲಿಕಲ್ ಅಂತ ಇಂಗ್ಲಿಷ್ ಅಕ್ಷರ ನೋಡ್ಕೊಂಡು ಹೊಡೆದ್ರು, ಸ್ಕ್ರೀನಲ್ಲಿ ಬಂದಿದ್ದು "ಪಹತಗಕೋತ".

ಭಾವ ಬೆಳಿಗ್ಗೆ ವಾಟ್ಸ್ಯಾಪ್ ಗ್ರೂಪಿಗೆ ಹನಿಗವನ ಬರೆಯೋಕೆ ಕೀಬೋರ್ಡನ್ನ ಕನ್ನಡಕ್ಕೆ ಹಾಕಿದವ್ರು ವಾಪಸ್ ಬದಲಾಯ್ಸಿರ್ಲಿಲ್ಲ. ಇನ್‌ಸ್ಕ್ರಿಪ್ಟ್ ಅನ್ನೋ ಆ ಕನ್ನಡ ಕೀಬೋರ್ಡಲ್ಲಿ ಎಚ್ ಒತ್ತಿದ್ರೆ ಪ ಬರುತ್ತೆ, ಯು ಒತ್ತಿದ್ರೆ ಹ, ಮಿಕ್ಕಿದ್ದೂ ಹಂಗೇ. ಸೂಪರ್ ಕೀ (ವಿಂಡೋಸ್ ಗುರುತಿರೋದು), ಸ್ಪೇಸ್ ಎರಡೂ ಒಟ್ಟಿಗೆ ಒತ್ತಿ ಇಂಗ್ಲಿಷ್ ಮಾಡ್ಸಿ ಹೊಡೆಸಿದ್ರೆ ಡಿಸ್ಕ್ ತಣ್ಣಗೆ ತೆಕ್ಕೊಂತು. ಗೃಹಪ್ರವೇಶದ ವಿಡಿಯೋ ಓಪನ್ ಮಾಡಿ ಪುರೋಹಿತರು ಓಡಾಡೋದು ನೋಡಿದ್ಮೇಲೇನೇ ಭಾವನಿಗೆ ನಂಬಿಕೆ ಬಂದಿದ್ದು.

ಆಮೇಲೆ ಹೆಡರ್ ಬ್ಯಾಕಪ್ ತೆಗೆದು ಪೆನ್ ಡ್ರೈವಲ್ಲಿ ಬೇರೆ ಇಡ್ಸಿದೆ. ಲಕ್ಸ್ 2ರಲ್ಲಿ ಒಂದೇ ಡಿಸ್ಕಿಗೆ 32 ಪಾಸ್‌ವರ್ಡ್‌ವರೆಗೂ ಇಡಬಹುದು, ಡೇಟಾ ಮುಟ್ಟೋದೇ ಬೇಕಾಗಿಲ್ಲ, ಅದಕ್ಕೇ ಹುಲಿಕಲ್ ತೆಗೆದು ಭಾವನಿಗೊಂದು, ಅಕ್ಕನಿಗೊಂದು ಅಂತ ಹಾಕ್ಸೋಣ ಅಂದೆ. ಭಾವ ತಮ್ಮದನ್ನ ಒಂದೊಂದೇ ಅಕ್ಷರ ಬಾಯಲ್ಲಿ ಜೋರಾಗಿ ಹೇಳ್ಕೊಂತಾ ಹೊಡೆದ್ರು, ಇಡೀ ಬೀದಿಗೆ ಗೊತ್ತಾಗಿರ್ಬೇಕು. ಅಕ್ಕನ ಸರದಿ ಬಂದಾಗ ಅವಳು ಸೆರಗಲ್ಲಿ ಕೈ ಒರೆಸ್ಕೊಂಡು ಬಂದು ಕೂತು ಟಕಟಕ ಹೊಡೆದ್ಲು. ಭಾವ ಸ್ಕ್ರೀನಿಗೆ ಬಗ್ಗಿ ನೋಡಿದ್ರು, ಟರ್ಮಿನಲ್ಲಲ್ಲಿ ಚುಕ್ಕಿ ಕೂಡ ಬರಲ್ಲವಲ್ಲ.

"ಏನ್ ಹಾಕ್ದೆ?"

"ಯಾರಿಗೂ ಹೇಳ್ಬಾರ್ದು ಅಂತೆ, ನಿಮ್ಮ ಮಗನೇ ಹೇಳಿದ್ದು" ಅಂತ ಅಕ್ಕ ಎದ್ದು ಅಡುಗೆಮನೆಗೆ ಹೋದ್ಲು. ಭಾವ ಆಮೇಲೆ ನಂಗೆ ಮಾತ್ರ ಕೇಳೋ ಹಂಗೆ ಪಿಸುಗುಟ್ಟಿದ್ರು, "ಅವಳದ್ದು ಏನು ಅಂತ ನಿಂಗೆ ಆ ಕಡೆ ಕಾಣಿಸ್ತೇನೋ?"