ಬೀದರಿಗೆ ಕಾಪಿರೈಟು, ಕಲಬುರಗಿಗೆ ಟ್ರೇಡ್‌ಮಾರ್ಕು

ನಮ್ಮ ಓಣಿಯ ಗಟಾರ ತುಂಬಿ ಮೂರು ವಾರವಾಗಿತ್ತು. "ಕಾಗದ ಕೊಟ್ರ ಕಳೀತದ, ಮೇಲ್ ಮಾಡ್ರಿ" ಎಂದು ಹಿರಿಯರೊಬ್ಬರು ಹೇಳಿದ್ದಕ್ಕೆ ಕಚೇರಿಯೊಂದಕ್ಕೆ ಅಚ್ಚಗನ್ನಡದಲ್ಲಿ ಇಮೇಲ್ ಬರೆದೆ. ಹತ್ತು ದಿನಕ್ಕೆ ಉತ್ತರವೂ ಬಂತು. ಕಲಬುರಗಿಯ ಮೇ ತಿಂಗಳಲ್ಲಿ ಮಳೆ ಬಿದ್ದಷ್ಟು ಖುಷಿಯಾಯಿತು. ತೆರೆದು ನೋಡಿದೆ.

ಮೊದಲು ಇಂಗ್ಲಿಷಿನ ದೊಡ್ಡ ಪಿ. ಅದರ ಪಕ್ಕ ತಲೆ ಮೇಲೆ ಓರೆಗೆರೆ ಹೊತ್ತ ಎ. ಆಮೇಲೆ ಗುಂಡಿನೊಳಗೆ ಆರ್, ಸಾಬೂನಿನ ಪೊಟ್ಟಣದ ಮೇಲೆ ನೋಂದಾಯಿತ ಟ್ರೇಡ್‌ಮಾರ್ಕ್ ಎಂದು ಇರುತ್ತದಲ್ಲ, ಅದೇ. ಅದರ ಬೆನ್ನಿಗೆ ವಕೀಲರ ಸೆಕ್ಷನ್ ಗುರುತು. ಗಟಾರದ ಮೇಲೆ ಕೇಸು ಹಾಕಿದ್ದಾರೇನೋ ಅಂದುಕೊಂಡೆ.

ಪ್ರಿಂಟ್ ಹಿಡಿದು ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಗೆ ಹೋದೆ. ಅಂಗಡಿಯಾತ ಚಾಳೀಸು ಏರಿಸಿ, ತಡವರಿಸದೆ ಓದಿದ: "ಕಲಬುರಗಿ."

"ಎಲ್ಲಿ ಅದರಿ ಕಲಬುರಗಿ?"

"ಪಿ ಅಂದ್ರ ಕ. ಈ ಎ ಅಂದ್ರ ತಲಕಟ್ಟು. ಗುಂಡಿನ್ಯಾಗಿನ ಆರ್ ಅಂದ್ರ ಲ. ಸೆಕ್ಷನ್ ಅಂದ್ರ ಬ. ನುಡಿ ಅನ್ನೋ ಕನ್ನಡ ಫಾಂಟ್‌ನ್ಯಾಗ ಹೊಡದು ಹಂಗೇ ಮೇಲ್‌ಗೆ ಅಂಟಿಸ್ಯಾರ್ರಿ. ಇಪ್ಪತ್ತ್ ವರ್ಷ ಆತು ಇದೇ ಕೆಲಸ, ಫಾಂಟ್ ಇಲ್ಲದನೂ ಓದ್ತೀನಿ."

ಕೆಳಗೆ ಪ್ರತಿ ಕಳಿಸಿದ ಊರುಗಳ ಪಟ್ಟಿ ಇತ್ತು. ಬೀದರ್ ಶುರುವಾಗುವುದೇ ಗುಂಡಿನೊಳಗಿನ ಸಿ ಇಂದ, ಅಂದರೆ ಕಾಪಿರೈಟು. ಯಾದಗಿರಿಯ ಮೊದಲಿಗೆ ದೊಡ್ಡ ಎ, ಸಣ್ಣ ಐ. ದೇಶವೆಲ್ಲ ಈಗ ಎಐ ಎಐ ಎಂದು ಕುಣಿಯುತ್ತಿದ್ದರೆ, ಯಾದಗಿರಿ ಜಿಲ್ಲೆಯಾದ ದಿನದಿಂದಲೂ ಅದನ್ನು ಹೆಸರಿನ ತಲೆಯ ಮೇಲೇ ಹೊತ್ತು ಸುಮ್ಮನೆ ಕೂತಿದೆ. ಇನ್ನು 'ಕನ್ನಡ' ಎಂಬ ಪದದ ನಟ್ಟನಡುವೆ, ನಕಾರದ ಜಾಗದಲ್ಲಿ, ಪೌಂಡಿನ ಗುರುತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮನ್ನು ಬ್ರಿಟಿಷರು ನೇರವಾಗಿ ಆಳಲಿಲ್ಲ. ಅವರ ರೊಕ್ಕ ಮಾತ್ರ ಈ ದಾರಿಯಿಂದ ಬಂದು ಠಿಕಾಣಿ ಹೂಡಿದೆ.

ಫಾಂಟಿನ ತಪ್ಪೇನೂ ಇಲ್ಲ. ಕಂಪ್ಯೂಟರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಸರಿಯಾಗಿ ತಿಳಿಯದಿದ್ದ ಕಾಲದಲ್ಲಿ ಪಿ ಅಕ್ಷರದ ಮನೆಯಲ್ಲಿ 'ಕ'ವನ್ನು ಬಾಡಿಗೆಗೆ ಇಟ್ಟ ಜಾಣತನ ಅದು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಓಣಿ ಕೊಟ್ಟಿತು. ನುಡಿಯಲ್ಲೂ ಈಗ ಯೂನಿಕೋಡ್ ಇದೆ. ಸ್ವಂತ ಮನೆ ಕಟ್ಟಿಸಿ ಮೂವತ್ತು ವರ್ಷ ದಾಟಿದರೂ ಕಚೇರಿಯವರು ಬಾಡಿಗೆ ಮನೆಯ ಬೀಗದ ಕೈ ಬಿಟ್ಟಿಲ್ಲ, ಅಷ್ಟೇ.

ಉತ್ತರದ ಕೆಳಗೆ ನನ್ನ ಮೂಲ ಪತ್ರವನ್ನೂ ಅಂಟಿಸಿದ್ದರು. ಅದು ಯೂನಿಕೋಡಿನದೇ. ಆದರೆ ಅದರ ತುಂಬ ಓರೆಗೆರೆ ಹೊತ್ತ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2, ಮತ್ತೇನೋ ಒಂದು. ಮತ್ತೆ ಎ, ಮತ್ತೆ 2. ಒತ್ತು, ಉಕಾರ ಬಂದಲ್ಲಿ 2 ಹೋಗಿ 3.

"ಇದು ನನಗ ಬರಂಗಿಲ್ರಿ," ಎಂದು ಅಂಗಡಿಯಾತ ಕೈ ಚೆಲ್ಲಿದ.

ಕಾರಣ ಇಷ್ಟೆ. 1982ರ ಇಮೇಲ್ ನಿಯಮ ಕಟ್ಟಿದವರು 128 ಗುರುತಿನಲ್ಲಿ ಜಗತ್ತು ಮುಗಿಯಿತು ಅಂದುಕೊಂಡಿದ್ದರು. ಉಳಿದ ಭಾಷೆಗಳು ಮೂಟೆ ಕಟ್ಟಿಕೊಂಡು ಹತ್ತಲಿ ಎಂದು 1992ರಲ್ಲಿ ಮೈಮ್ ಎಂಬ ಹೊಸ ನಿಯಮ ಬಂತು. ಮೂಟೆಯ ಮೇಲೆ ಒಂದು ಚೀಟಿ: ಒಳಗಿರುವುದು ಯುಟಿಎಫ್-8, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಲೆಕ್ಕ. ಆ ಲೆಕ್ಕದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ಚೀಟಿ ಓದದೆ ಬಿಚ್ಚುವ ತಂತ್ರಾಂಶ ಆ ಮೂರನ್ನೂ ಯುರೋಪಿನ ಮೂರು ಅಕ್ಷರ ಎಂದು ಸಾಲಾಗಿ ನಿಲ್ಲಿಸುತ್ತದೆ. 2012ರ ಹೊತ್ತಿಗೆ ಇಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿಕ್ಕೂ ನಿಯಮವಾಯಿತು. ನಿಯಮಕ್ಕೇನು ಕಡಿಮೆ?

"ಹೋಗ್ಲಿ, ಅವರು ಏನಂದಾರ ಅದನ್ನಾರ ಓದ್ರಿ," ಎಂದೆ. ಗಂಟಲು ಸರಿಮಾಡಿಕೊಂಡು ಓದಿದ: "ತಾವು ಕಳುಹಿಸಿದ ಮನವಿಯಲ್ಲಿನ ಅಕ್ಷರಗಳು ಓದಲು ಬಾರದಿರುವುದರಿಂದ, ಓದಲು ಬರುವ ರೀತಿಯಲ್ಲಿ ಮತ್ತೊಮ್ಮೆ ಸಲ್ಲಿಸಲು ಈ ಮೂಲಕ ಕೋರಿದೆ."

ಅಂಗಡಿಯಾತ ನಕ್ಕ. ನಾನು ನಗಲಿಲ್ಲ. ಆಮೇಲೆ ನಕ್ಕೆ.

ಅಲ್ಲೇ ಕೂತು ಅವರ ಆನ್‌ಲೈನ್ ಅರ್ಜಿಗೂ ಕೈ ಹಾಕಿದೆ. ಹೆಸರಿನ ಜಾಗದಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದೆ. ಕೆಂಪಕ್ಷರ ಹೊಳೆಯಿತು: ವಿಶೇಷ ಅಕ್ಷರಗಳಿಗೆ ಅವಕಾಶವಿಲ್ಲ. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಜಾರಿಯಾದದ್ದು 2013ರಲ್ಲಿ, ಅದೂ ವರ್ಷಗಟ್ಟಲೆ ಹೋರಾಡಿದ ಮೇಲೆ. ಕಂಪ್ಯೂಟರು ಮಾತ್ರ ಯಾವ ಚಳವಳಿಯೂ ಇಲ್ಲದೆ ನಮ್ಮ ಅಕ್ಷರಕ್ಕೆಲ್ಲ ವಿಶೇಷ ಸ್ಥಾನಮಾನ ಕೊಟ್ಟು, ಅದೇ ಕಾರಣಕ್ಕೆ ಹೊರಗೆ ನಿಲ್ಲಿಸಿದೆ.

"ಫಿಕರ್ ಮಾಡಬ್ಯಾಡ್ರಿ," ಅಂಗಡಿಯಾತ ಸಮಾಧಾನ ಹೇಳಿದ. "ಪ್ರಿಂಟ್ ತಗೀರಿ, ಸಹಿ ಮಾಡ್ರಿ, ಫೋಟೊ ಹೊಡದು ಅದನ್ನ ಮೇಲ್ ಮಾಡ್ರಿ. ಎಲ್ಲಾರೂ ಹಂಗೇ ಮಾಡ್ತಾರ. ಅಲ್ಲಿ ಅದರದ ಪ್ರಿಂಟ್ ತಗದು, ನೋಡಿ ಮತ್ತ ನುಡಿನ್ಯಾಗ ಟೈಪ್ ಮಾಡ್ತಾರ."

ಹಾಗೇ ಮಾಡಿದೆ. ಪ್ರಿಂಟಿಗೆ ಐದು ರೂಪಾಯಿ, ಓದಿದ್ದಕ್ಕೆ ಇಪ್ಪತ್ತು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ, ವಿದ್ಯೆ ವಿದ್ಯೆಯೇ.

ಗಟಾರ ದಾಟಿ ಮನೆ ಸೇರಿ ಚಹಾಕ್ಕೆ ನೀರಿಟ್ಟೆ. ಚಹಾಪುಡಿ ಪೊಟ್ಟಣದ ಹೆಸರಿನ ತುದಿಗೆ ಗುಂಡಿನೊಳಗೆ ಒಂದು ಆರ್ ಇತ್ತು. 'ಲ' ಅಂತ ಓದಿಬಿಟ್ಟೆ.